ಬಾಯ್ತುಂಬ ಮೊಳೆ

ಜೂನ್ ೩, ಸೋಮವಾರ

ವ್ಯಾನು ಹೋಯ್ತು.

ಕಳ್ಳರೇನೂ ಕದ್ದಿಲ್ಲ. ಅದನ್ನ ಕದಿಯೋ ಅಷ್ಟು ಗತಿಗೆಟ್ಟ ಕಳ್ಳ ಈ ಊರಲ್ಲಿಲ್ಲ. ರಿಟೈರ್ ಆದ ಹೆಡ್‌ಮಿಸ್ಟ್ರೆಸ್ ಅಮ್ಮನ ಮನೆಯಿಂದ ಅವರ ಹಳೇ ಸೋಫಾ ಹೇರ್ಕೊಂಡು ಹೊರಗೆ ಬರ್ತಿದ್ದೆ. ಗೇಟಿನ ಎಡಗಡೆ ಕಲ್ಲುಕಂಬ ಬಂದು ವ್ಯಾನಿಗೆ ಹೊಡೀತು. ನಾನು ಕಂಬಕ್ಕೆ ಹೊಡೀಲಿಲ್ಲ. ಇದನ್ನ ಇಲ್ಲಿ ಬರೆದಿಡ್ತೀನಿ, ಯಾಕಂದ್ರೆ ಬೇರೆ ಯಾರೂ ನಂಬ್ತಿಲ್ಲ. ಗೇಟು ಅಷ್ಟು ಇಕ್ಕಟ್ಟಾಗಿ ಕಟ್ಟಿದ ಮೇಸ್ತ್ರಿ ಕೈಗೆ ಸಿಕ್ಕಿದ್ರೆ ಅದೇ ಕಂಬಾನ ಅವನ ಕುತ್ತಿಗೆಗೆ ಕಟ್ಟಿ ಬಾವಿಗೆ ತಳ್ತೀನಿ.

ಹೆಡ್‌ಮಿಸ್ಟ್ರೆಸ್ ಅಮ್ಮ ಕನ್ನಡಕ ಏರಿಸ್ಕೊಂಡು ಬಂದು ಹೇಳಿದ್ರು, “ಆ ಕಂಬ ನಾನು ಈ ಮನೆಗೆ ಬಂದಾಗಿಂದ ಅಲ್ಲೇ ಇದೆಯಪ್ಪಾ.”

“ಅದಕ್ಕೇ ಅಮ್ಮಾ, ನಿಂತು ನಿಂತು ಬೇಜಾರಾಗಿ ಇವತ್ತು ಒಂದು ಹೆಜ್ಜೆ ಮುಂದಿಟ್ಟಿದೆ” ಅಂದೆ. ನಕ್ಕರು. ನಾನು ಹೇಳಿದ್ದು ಸಿಟ್ಟಲ್ಲಿ. ಇದೇ ನನ್ನ ಕರ್ಮ. ನಗಿಸೋನಿಗೆ ಸಿಟ್ಟು ಬಂದ್ರೆ ಅದನ್ನೂ ತಮಾಷೆ ಅಂದ್ಕೊಂಡು ಹಲ್ಲು ಕಿರೀತಾರೆ. ಅದಕ್ಕೇ ರೆಕ್ಸಿನ್ ಅಂಗಡಿಯವನು ಪುಕ್ಕಟೆ ಕೊಟ್ಟ ಈ ಡೈರಿ ತೆಗೆದೆ. ಇಷ್ಟು ದಿನ ಟೀ ಲೋಟದ ಅಡಿಯಲ್ಲಿತ್ತು. ಇನ್ಮೇಲೆ ನನ್ನ ಸಿಟ್ಟಿನ ಅಡಿಯಲ್ಲಿರಲಿ.

ನನ್ನ ಭಾವಮೈದ, ಹೆಂಡತಿಯ ತಮ್ಮ, ಮೆಕ್ಯಾನಿಕ್ಕು. ಬಂದು ವ್ಯಾನು ಸುತ್ತಿ ನೋಡಿ, “ಇದಕ್ಕೆ ರಿಪೇರಿ ಮಾಡ್ಸೋದೂ ಒಂದೇ, ಸತ್ತ ಎಮ್ಮೆಗೆ ಹುಲ್ಲು ಹಾಕೋದೂ ಒಂದೇ ಭಾವ” ಅಂದ.

ಇವಳು ಇವತ್ತು ಅವಳ ಅಕ್ಕನ ಮನೆಗೆ ಹೋಗಿದ್ಳು. ವ್ಯಾನಲ್ಲಿ ಪಕ್ಕಕ್ಕೆ ಕೂತ್ರೆ ಸಾಕು, “ಸೈಕಲ್ಲು, ನಾಯಿ, ಮಗು, ಕಂಬ, ಅಜ್ಜಿ” ಅಂತ ದಾರಿಯುದ್ದಕ್ಕೂ ಕಾಮೆಂಟ್ರಿ. ಬಸ್ ಕಂಡಕ್ಟರೂ ಅಷ್ಟು ಬಾಯಿ ಬಡ್ಕೊಳಲ್ಲ. ಒಂದು ದಿನ ಶಾಂತಿಯಾಗಿ ಓಡಿಸೋಣ ಅಂತ ಹೊರಟ್ರೆ ಹೀಗಾಯ್ತು.

ಸಾಯಂಕಾಲ ಬಂದ್ಳು. ಪೆಟ್ಟಾಯ್ತಾ, ಏನಾಯ್ತು, ಒಂದೂ ಇಲ್ಲ. “ಯಾವ ಕಡೆ ತಾಗ್ತು?” ಅಂತ ಕೇಳಿದ್ಳು.

“ಎಡಗಡೆ. ಯಾಕೆ?”

ತಲೆ ಆಡಿಸಿ ಒಳಗೆ ಹೋದ್ಳು. ಕಟ್ಕೊಂಡ ಗಂಡ ಬದುಕಿದ್ದಾನೆ ಅಂತ ಒಂದು ಲೋಟ ಟೀ ಆದ್ರೂ ಕೊಡಬಾರದಾ!

ಜೂನ್ ೪, ಮಂಗಳವಾರ

ನಮ್ಮ ಸೋಫಾ ಕೆಲಸದಲ್ಲಿ ಚಿಕ್ಕ ಮೊಳೆಗಳನ್ನ ಬಾಯಲ್ಲಿ ಇಟ್ಕೋತೀವಿ. ಒಂದು ಕೈಯಲ್ಲಿ ಬಟ್ಟೆ ಬಿಗಿಯಾಗಿ ಎಳೆದು ಹಿಡೀಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ದೇವರು ಮೂರನೇ ಕೈ ಕೊಡೋದು ಮರೆತು ನಾಲಿಗೆ ಕೊಟ್ಟ. ನಾಲಿಗೇಲೇ ಒಂದೊಂದು ಮೊಳೆ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ಮೂತಿಗೆ ಕೊಟ್ಟು, ಟಕ್. ಈಗಿನವರು ಪಿನ್ ಗನ್ ಹಿಡ್ಕೊಂಡು ಸೋಫಾ ಮೇಲೆ ಯುದ್ಧಕ್ಕೆ ಹೋಗ್ತಾರೆ. ನನಗೆ ಮೊಳೆನೇ ಸರಿ.

ಇವಳಿಗೂ ಮೊಳೆನೇ ಸರಿ, ಬೇರೆ ಕಾರಣಕ್ಕೆ. ಮದುವೆಯಾದ ಹೊಸದರಲ್ಲೇ ಕಂಡುಹಿಡಿದುಬಿಟ್ಳು: ಈ ಗಂಡಸು ಯಾವ ಮಾತನ್ನೂ ನೆಟ್ಟಗೆ ನೆಲಕ್ಕೆ ಬೀಳೋಕೆ ಬಿಡಲ್ಲ, ಮಧ್ಯದಲ್ಲೇ ಹಿಡಿದು ತಮಾಷೆ ಮಾಡ್ತಾನೆ, ಆದ್ರೆ ಬಾಯಲ್ಲಿ ಮೊಳೆ ಇದ್ದಾಗ ಹಸು. ಅವತ್ತಿಂದ ನನಗೆ ಆಗದ ಸುದ್ದಿಯೆಲ್ಲಾ ಮೊಳೆ ಟೈಮಲ್ಲೇ. ಅತ್ತೆ ಒಂದು ತಿಂಗಳು ಇರೋಕೆ ಬರ್ತಾರೆ ಅಂದಿದ್ದು ಹಾಗೆ. ಮಗಳು ತಾನೇ ಹುಡುಗನ್ನ ನೋಡ್ಕೊಂಡಿದ್ದಾಳೆ ಅಂದಿದ್ದು ಹಾಗೆ. ಆವತ್ತು ಒಂದು ಮೊಳೆ ನುಂಗಿಬಿಟ್ಟೆ. ಮೊಮ್ಮಗಳು ಹುಟ್ಟಿ ಓಡಾಡ್ತಿದ್ದಾಳೆ, ಆ ಮೊಳೆ ಎಲ್ಲಿ ಓಡಾಡ್ತಿದೆಯೋ ಗೊತ್ತಿಲ್ಲ.

ಇವತ್ತೂ ಕಾದಳು. ಬಾಯಿ ತುಂಬಿದ ಮೇಲೆ ಹೊಲಿಗೆ ಮಷೀನು ನಿಲ್ಲಿಸಿದ್ಳು.

“ರೀ, ಈ ಸಲ ಗಾಡಿ ಕೊಂಡ್ಕೊಳೋದು ಬೇಡ. ಲೀಸಿಗೆ ತಗೊಳೋಣ.”

ಮೊಳೆಯೆಲ್ಲ ಅಂಗೈಗೆ ಉಗಿದು, “ಲೀಸಾ?” ಅನ್ನೋ ಹೊತ್ತಿಗೆ ಮಷೀನು ಮತ್ತೆ ಗರ್ರ್ ಅಂತ ಶುರು. ನಾನು ಕೂಗಿದೆ, ಮಷೀನು ನನಗಿಂತ ಜೋರಾಗಿ ಕೂಗ್ತು.

ಲೀಸಂತೆ! ಬಾಡಿಗೆಗೆ ಟೈ ಕಟ್ಟಿದ್ರೆ ಲೀಸು. ಅಳಿಯ ಅಲ್ಲ, ಮಗಳ ಗಂಡ. ತಿಂಗಳು ತಿಂಗಳು ದುಡ್ಡು ಕೊಡು, ಕೊನೆಗೆ ಕೀಲಿನೂ ಕೊಟ್ಟು ಕೈ ಬೀಸ್ಕೊಂಡು ಮನೆಗೆ ಬಾ. ಸೋಫಾ ಕೆಲಸದವನು ನಾನು, ಇನ್ನೊಬ್ಬರ ಕುರ್ಚಿ ಮೇಲೇ ಬದುಕಿದೋನು. ಗಾಡಿಯ ಸೀಟು ಒಂದಾದ್ರೂ ನಂದು ಅಂತ ಬೇಡ್ವಾ?

ಜೂನ್ ೬, ಗುರುವಾರ

ಎಳ್ಕೊಂಡು ಹೋದ್ಳು. ಗಾಜಿನ ಶೋರೂಮು. ಅಲ್ಲೊಬ್ಬ ಹುಡುಗ, ಕುತ್ತಿಗೆಗೆ ಟೈ, ಬಾಯಿಗೆ ಬೆಣ್ಣೆ. ಲೀಸಿನ ಗಾಡಿ ತೋರಿಸ್ದ. ಚೆನ್ನಾಗೇನೋ ಇತ್ತು, ಹಿಂದೆ ಮೂರು ಸೀಟಿನ ಸೋಫಾ ನಿಲ್ಲೋ ಅಷ್ಟು ಜಾಗ.

“ಸರ್, ಲೀಸಲ್ಲಿ ನಿಮಗೆ ಟೆನ್ಶನ್ನೇ ಇಲ್ಲ. ಸರ್ವೀಸು ನಮ್ಮದು, ಟೈರು ನಮ್ಮದು.”

“ಗಾಡಿ?”

“ಅದೂ ನಮ್ಮದೇ ಸರ್.”

“ಗೀರು ಬಿದ್ರೆ?”

“ಅದು ನಿಮ್ಮದು ಸರ್.”

“ಅಂದ್ರೆ ಗೀರು ಮಾತ್ರ ನಂದು. ಸರಿ, ಬಟ್ಟೆ ಉರುಳೆ ಇಡೋಕೆ ಒಳಗಡೆ ಒಂದು ಹಲಗೆ ಹೊಡ್ಕೊಬಹುದಾ?”

ಟೈ ಹುಡುಗನ ಮುಖ ಬಿಳಿಚ್ಕೊಳ್ತು. “ಅಯ್ಯೋ ಬೇಡಿ ಸರ್. ಲೀಸ್ ಗಾಡೀಲಿ ಒಂದು ಮೊಳೆನೂ ಹೊಡೆಯೋ ಹಾಗಿಲ್ಲ.”

ಕೇಳಿಸ್ಕೊಂಡ್ಯಾ ಅನ್ನೋ ಹಾಗೆ ಇವಳ ಕಡೆ ತಿರುಗಿದೆ. ಮೊಳೆ ಹೊಡೆದು ಅನ್ನ ತಿನ್ನೋನಿಗೆ ಮೊಳೆ ಹೊಡೀಬೇಡ ಅಂತಾನೆ! ಇವಳು ಅದನ್ನ ಕಿವಿಗೇ ಹಾಕ್ಕೊಳಲಿಲ್ಲ. ಕೇಳಿದ್ದೇನು ಅಂದ್ರೆ, “ಮಧ್ಯದಲ್ಲಿ ವಾಪಸ್ ಕೊಡಬಹುದಾ? ಯಾರ ಹೆಸರಲ್ಲಿ ಬೇಕಾದ್ರೂ ತಗೋಬಹುದಾ?”

ಮದುವೆ ದಿನಾನೇ ವಕೀಲರನ್ನ ಕರ್ಕೊಂಡು ಬಂದ ಹಾಗೆ. ತಗೊಳೋಕೆ ಮುಂಚೆ ವಾಪಸ್ ಕೊಡೋ ಮಾತು.

ಬರೋವಾಗ ಯಾವನೋ ಬಾಗಿಲ ಪಕ್ಕ ಹೂಕುಂಡ ಇಟ್ಟಿದ್ದ. ಒದ್ದೆ, ಬಿತ್ತು, ಮಣ್ಣೆಲ್ಲ ಚೆಲ್ಲಾಡ್ತು. ಬೇಕಂತ ಒದ್ದಿದ್ದಲ್ಲ. ಆದ್ರೆ ಬೇಕಂತಲೇ ಒದ್ದೆ ಅಂತ ಟೈ ಅಂದ್ಕೊಂಡಿದ್ರೆ ಅಂದ್ಕೊಳ್ಳಲಿ, ನನಗೇನೂ ಬೇಜಾರಿಲ್ಲ.

ಜೂನ್ ೯, ಭಾನುವಾರ

ಭಾವಮೈದನ ಶೆಡ್ಡಲ್ಲಿ ಒಂದು ಹಳೇ ವ್ಯಾನಿದೆ. ಬೇಕರಿಯವನದ್ದು. ಬಾಗಿಲು ತೆಗೆದ್ರೆ ಇನ್ನೂ ಬನ್ನಿನ ವಾಸನೆ. ಎಂಜಿನ್ನು ಗುಂಡುಕಲ್ಲು. ನನ್ನ ಕೈಲಾಗೋ ರೇಟು. ಒಳಗೆ ತಟ್ಟೆ ಇಡೋ ಹಲಗೆಗಳೂ ಇವೆ, ಮೊಳೆ ಹೊಡೆದಿದ್ದು! ನೋಡಿದ ತಕ್ಷಣ ಮನಸ್ಸು ಕೊಟ್ಟೆ.

“ತಗೊಳಿ ಭಾವ, ಒಂದು ರೌಂಡು ಹಾಕಿ” ಅಂತ ಕೀಲಿ ಕೊಟ್ಟ. ಪಕ್ಕದಲ್ಲಿ ಕೂತ. ಸ್ಕೂಲ್ ರಸ್ತೆ ದಾಟ್ತಿದ್ವಿ. “ಭಾವಾ!” ಅಂತ ಅರಚಿ ಸ್ಟೇರಿಂಗಿಗೇ ಕೈ ಹಾಕ್ದ. ಬ್ರೇಕು ತುಳಿದೆ. ನೋಡಿದ್ರೆ ಎಡಗಡೆ ಒಂದು ಹೆಣ್ಣುಮಗು, ಸೈಕಲ್ ಹಿಡ್ಕೊಂಡು ಬಿಟ್ಟ ಕಣ್ಣು ಬಿಟ್ಟಂಗೆ ನಿಂತಿದೆ.

“ಕಾಣಲಿಲ್ವಾ ಭಾವ?”

“ನೆಲದಿಂದ ಎದ್ದು ಬಂದ್ರೆ ಯಾವನಿಗೆ ಕಾಣುತ್ತೋ?”

“ನೆಲದಿಂದ ಎಲ್ಲಿ? ಆ ಮೂಲೆಯಿಂದ ಬರ್ತಾನೇ ಇತ್ತಲ್ಲ.”

ಕೀಲಿ ಕಿತ್ಕೊಂಡು ತಾನೇ ಓಡಿಸ್ಕೊಂಡು ಬಂದ. ನಾನು ಟೀ ಕುಡಿಯೋ ಅಷ್ಟರಲ್ಲಿ ಅಕ್ಕನ ಹತ್ರ, ಅಂದ್ರೆ ಇವಳ ಹತ್ರ, ಗುಸುಗುಸು ಫೋನು. ಆಮೇಲೆ ಬಂದು ನೆಲ ನೋಡ್ಕೊಂಡು ಹೇಳ್ತಾನೆ, “ಭಾವ, ಆ ವ್ಯಾನು ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದೀನಿ. ಮರ್ತೇ ಹೋಗಿತ್ತು.”

ಮರೆಯೋಕೆ ಅದೇನು ಛತ್ರಿನಾ? ಅಕ್ಕ ತಮ್ಮ ಇಬ್ಬರೂ ಸೇರಿ ನನ್ನ ಕಿವಿ ಮೇಲೆ ಹೂ ಇಡ್ತಿದ್ದಾರೆ. ಕೊನೆಗೆ ಮೆಲ್ಲಗೆ, “ಒಂದ್ಸಲ ಕಣ್ಣು ತೋರಿಸ್ಕೊಳಿ ಭಾವ” ಅಂದ. ನನಗೆ ಕಣ್ಣಿಲ್ವಾ? ಎರಡಿವೆ. ಅವನ ಅಕ್ಕನ್ನ ಒಪ್ಪಿದ ದಿನ ಒಂದೂ ಇರಲಿಲ್ಲ ಅಷ್ಟೆ.

ಜೂನ್ ೧೧, ಮಂಗಳವಾರ

ಕನ್ನಡಕದ ಅಂಗಡಿಗೆ ಹೋದೆ. ಬಲ್ಬಿನ ಬೋರ್ಡು ಮುಂದೆ ಕೂರಿಸಿ ಓದು ಅಂದ. ಮೇಲಿಂದ ಶುರು ಮಾಡಿ ಕೊನೇ ಸಾಲು, ಇರುವೆ ಕಾಲಿನ ಥರ ಇರೋದು, ಅದನ್ನೂ ಓದಿ, ಅದರ ಕೆಳಗೆ ಇದ್ದ ಪ್ರಿಂಟಿಂಗ್ ಪ್ರೆಸ್ಸಿನ ಹೆಸರೂ ಓದಿಬಿಟ್ಟೆ! “ಹದ್ದಿನ ಕಣ್ಣು ನಿಮ್ಮದು” ಅಂದ.

ಮನೆಗೆ ಬಂದು ಎದೆ ಉಬ್ಬಿಸಿ ಹೇಳ್ದೆ. ಇವಳು ಹೊಲೀತಾ ಹೊಲೀತಾ, “ಬೋರ್ಡು ಎದುರಿಗೇ ಇತ್ತಲ್ವಾ?” ಅಂದ್ಳು.

“ಮತ್ತೆ? ಬೆನ್ನಿಗೆ ಅಂಟಿಸ್ತಾರಾ?”

ಮತ್ತೆ ಮಷೀನು. ಗರ್ರ್.

ಹದ್ದಿಗೆ ಹೆಂಡತಿ ಇರಲ್ಲ ಅನ್ಸುತ್ತೆ. ಅದಕ್ಕೇ ಅಷ್ಟು ಎತ್ತರಕ್ಕೆ ಹಾರುತ್ತೆ.

ಜೂನ್ ೧೪, ಶುಕ್ರವಾರ

ಟೀ ಚೆಲ್ತು. ಹೆಡ್‌ಮಿಸ್ಟ್ರೆಸ್ ಅಮ್ಮನ ಸೋಫಾಕ್ಕೆ ಅಂತ ತರಿಸಿದ್ದ ಹೊಸ ಬಟ್ಟೆ ಮೇಲೆ, ಲೋಟ ಪೂರ್ತಿ. ಟೀ ಅಂಗಡಿಯವನು ತಂದು ಎಡಗಡೆ ಸ್ಟೂಲಿನ ಮೇಲೆ ಇಟ್ಟು ಹೋಗಿದ್ದಾನೆ, ಬಾಯಿ ಬಿಟ್ಟು ಹೇಳಬಾರದಾ ಗೂಬೆ. ಇವಳಾದ್ರೆ ಯಾವಾಗ್ಲೂ ಮುಂದೆ ತಂದು ಕೈಗೇ ಕೊಡ್ತಾಳೆ. ಈಗ ಮತ್ತೆ ಬಟ್ಟೆ ತರಿಸ್ಬೇಕು, ಅದು ಬರೋ ಹೊತ್ತಿಗೆ ತಿಂಗಳು.

ಇವಳು ಎಲ್ಲಿದ್ಳು? ಗುಂಡಿ ಅಂಗಡಿಗೆ ಹೋಗಿದ್ಳಂತೆ. ನಿನ್ನೆನೂ ಗುಂಡಿ ಅಂಗಡಿ. ಒಂದು ತಿಂಗಳಿಂದ ದಿನಾ ಬೆಳಗ್ಗೆ ಗುಂಡಿ ಅಂಗಡಿ.

ಈ ಸೋಫಾಕ್ಕೆ ಗುಂಡಿನೇ ಇಲ್ಲ!

ಜೂನ್ ೧೮, ಮಂಗಳವಾರ

ಗುಂಡಿ ಅಂಗಡಿ ಎಲ್ಲಿದೆ ಅಂತ ಗೊತ್ತಾಯ್ತು. ಅದಕ್ಕೆ ನಾಲ್ಕು ಚಕ್ರ ಇದೆ, ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡಿದೆ.

ಟೀ ಅಂಗಡಿ ಮುಂದೆ ನಿಂತಿದ್ದೆ. ನೇರ ಎದುರಿಗೇ ಬಂತು ಗಾಡಿ, ಆಮೆ ಥರ. ಸ್ಟೇರಿಂಗ್ ಮೇಲೆ ಒಂದು ಗಲ್ಲ ಕಾಣ್ತಿತ್ತು. ಆ ಗಲ್ಲ ನನಗೆ ಗೊತ್ತು. ಮೂಗಿನ ಮೇಲೆ ಬೆವರು, ಕಣ್ಣು ರಸ್ತೆಗೆ ನೆಟ್ಟಿದ್ದು ನೆಟ್ಟಿದ್ದೇ. ಗಂಡ ಲೋಟ ಹಿಡ್ಕೊಂಡು ಕಲ್ಲಾಗಿ ನಿಂತಿದ್ದು ಅವಳಿಗೆ ಕಾಣಲೇ ಇಲ್ಲ. ನನಗೆ ಕಣ್ಣು ತೋರಿಸು ಅಂತಾರೆ!

ಟೀ ಅಂಗಡಿಯವನು, “ಏನಣ್ಣಾ, ಅತ್ತಿಗೆ ಪೈಲಟ್ ಆಗ್ತಿದ್ದಾರಾ?” ಅಂದ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇದ್ರೆ ನಾಳೆ ಊರೆಲ್ಲಾ ಸುದ್ದಿ.

ಈಗ ಎಲ್ಲಾ ಅರ್ಥ ಆಯ್ತು. ಯಾರ ಹೆಸರಲ್ಲಿ ಬೇಕಾದ್ರೂ ತಗೋಬಹುದಾ ಅಂತ ಟೈಯನ್ನ ಯಾಕೆ ಕೇಳಿದ್ಳು ಅಂತ. ಲೀಸಿಗೆ ತಗೊಂಡು ತಾನೇ ಓಡಿಸೋ ಪ್ಲಾನು. ಕಂಬ ಹೊಡೆಯೋಕೂ ಮುಂಚೆನೇ ಶುರು ಮಾಡಿದ್ದಾಳೆ. ಕಣ್ಣಿಗೆ ಮಣ್ಣೆರಚೋದು ಅಂದ್ರೆ ಇದು. ಮಗ್ಗುಲಲ್ಲಿ ಮಲಗೋಳು ಹೀಗೆ ಮಾಡಿದ್ರೆ ಬೀದೀಲಿ ಹೋಗೋ ಟೈಯನ್ನ ಬೈದು ಏನು ಬಂತು?

ಜೂನ್ ೧೯, ಬುಧವಾರ

ಮಾತಾಡಲಿಲ್ಲ.

ಜೂನ್ ೨೦, ಗುರುವಾರ

ಮಾತಾಡಲಿಲ್ಲ. ಹೆಡ್‌ಮಿಸ್ಟ್ರೆಸ್ ಅಮ್ಮ ಸೋಫಾ ಏನಾಯ್ತು ಅಂತ ಕೇಳೋಕೆ ಬಂದೋರು, ಒಂದು ತಮಾಷೆನೂ ಕೇಳಿಸದೆ ಹೋಗಿದ್ದಕ್ಕೆ, “ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?” ಅಂದ್ರು.

ಜೂನ್ ೨೧, ಶುಕ್ರವಾರ

ಅಕ್ಷರ ಸೊಟ್ಟ ಬಂದ್ರೆ ಬರಲಿ.

ಸ್ಪ್ರಿಂಗ್ ಮೇಲೆ ಗೋಣಿ ಎಳೆದು ಹೊಡೀತಿದ್ದೆ. ಬಾಯ್ತುಂಬ ಮೊಳೆ. ಮಷೀನು ನಿಲ್ತು. ಇವಳು ಎದ್ಳು. ಬಂದು ಪಕ್ಕದಲ್ಲಿ ಕೂರಲಿಲ್ಲ, ಸ್ಟೂಲು ಎಳ್ಕೊಂಡು ನನ್ನ ಎದುರಿಗೇ ಕೂತ್ಳು. ಮಡಿಲಲ್ಲಿ ನನ್ನ ಶರಟುಗಳು.

“ಉಗೀಬೇಡಿ. ಹೇಳಿ ಮುಗಿಸ್ತೀನಿ.”

ಒಂದು ಶರಟು ಬಿಡಿಸಿದ್ಳು. ಎಡ ಭುಜದ ಹತ್ರ ತೋಳು ಹರಿದು ಹೊಲಿಗೆ ಹಾಕಿದ್ದು. ಇನ್ನೊಂದು ಬಿಡಿಸಿದ್ಳು. ಎಡ ಭುಜ. ಇನ್ನೊಂದು. ಎಡ ಮೊಣಕೈ.

“ಹೋದ ವರ್ಷದಿಂದ ಹೊಲೀತಿದ್ದೀನಿ. ಬಾಗಿಲ ಕೊಂಡಿ, ಅಂಗಡಿ ಶಟರು, ಮೆಟ್ಟಿಲ ಕಂಬಿ. ಬಲಗಡೆ ತೋಳು ಒಂದೂ ಹರಿದಿಲ್ಲ. ಬಟ್ಟೆ ಸುಳ್ಳು ಹೇಳಲ್ಲ ರೀ. ನಿಮಗೆ ಎಡಗಡೆ ಕಾಣ್ತಾ ಇಲ್ಲ.”

ನಾಲಿಗೆ ಹಿಂದೆ ಮಾತು ಸಾಲುಗಟ್ಟಿ ನಿಂತಿದ್ವು, ಮುಂದೆ ಮೊಳೆ. ಒಂದೂ ದಾಟೋಕೆ ಆಗ್ತಿಲ್ಲ.

“ವ್ಯಾನಲ್ಲಿ ನಾನು ಕೂಗ್ತಿದ್ದೆ. ಕಾಮೆಂಟ್ರಿ ಅಂತ ಆಡ್ಕೊಂಡ್ರಿ. ಆಡ್ಕೊಳ್ಳಲಿ, ನಾಯಿ ಬದುಕ್ತಲ್ಲ ಅಂತ ಸುಮ್ಮನಿದ್ದೆ. ದಾರೀಲಿ ನಿಮ್ಮ ಎಡಗಡೆ ಅಂಟ್ಕೊಂಡು ನಡೀತಿದ್ದೆ, ವಯಸ್ಸಾದ ಮೇಲೆ ಇದೇನೇ ಪ್ರೀತಿ ಅಂದ್ರಿ. ಅವತ್ತು ನಾನು ಅಕ್ಕನ ಮನೆಗೆ ಹೋದೆ, ಕಂಬ ಆಯ್ತು. ತಮ್ಮ ಇಲ್ಲದಿದ್ರೆ ಭಾನುವಾರ ಮಗು ಆಗ್ತಿತ್ತು.”

ಶರಟುಗಳನ್ನ ಮಡಚಿ ಮಡಿಲಲ್ಲಿಟ್ಕೊಂಡ್ಳು.

“ಲೀಸು ಯಾಕಂದ್ರೆ, ನಿಮ್ಮ ಸ್ವಂತ ಗಾಡಿ ಆದ್ರೆ ಸಾಯೋ ತನಕ ಕೀಲಿ ಬಿಡಲ್ಲ ನೀವು. ಲೀಸಾದ್ರೆ, ವಾಯಿದೆ ಮುಗೀತು ಅಂತ ವಾಪಸ್ ಕೊಡಬಹುದು. ಕಣ್ಣು ಕಾಣದೆ ಗಾಡಿ ಬಿಟ್ಟ ಅಂತ ಯಾರೂ ಅನ್ನಲ್ಲ. ನಿಮಗೂ ಅನ್ನಿಸಲ್ಲ.”

ಉಗಿದೆ. ಎಲ್ಲಾ ಮೊಳೆ ನೆಲಕ್ಕೆ ಚೆಲ್ಲಾಡಿದ್ವು. ತಮಾಷೆ ಬರುತ್ತೆ ಅಂತ ನಾನೇ ಕಾದೆ. ಬರಲಿಲ್ಲ. ಬಂದಿದ್ದು ಇದು: “ನನ್ನ ಕಣ್ಣು ಕಿತ್ತು ನೀನು ಡ್ರೈವರ್ ಆಗ್ಬೇಕಾ? ಆಗು. ಹೋಗು. ಊರೆಲ್ಲಾ ಹೇಳು, ನನ್ನ ಗಂಡ ಕುರುಡ ಅಂತ.”

ಅವಳು ಸ್ಟೂಲಿಂದ ಎದ್ಳು. ಸುತ್ತಿಗೆ ತಗೊಂಡು, ಅಯಸ್ಕಾಂತದ ಮೂತಿ ನೆಲಕ್ಕೆ ಹಿಡಿದು, ಬಗ್ಗಿ ಮೊಳೆ ಆಯ್ದುಕೊಂಡ್ಳು. ನನ್ನ ಎಡಗಾಲಿನ ಹತ್ರ ಇದ್ದವನ್ನ ಮೊದಲು. ಬರಿಗಾಲಲ್ಲಿದ್ದೆ.

ಸಿಟ್ಟು ಇಳೀತಿಲ್ಲ. ಅವಳು ಅಡುಗೆಮನೆಗೆ ಹೋದ ಮೇಲೆ ಹಗ್ಗದ ಮೇಲಿದ್ದ ಶರಟುಗಳನ್ನೂ ನೋಡಿದೆ. ಎಡ. ಎಡ. ಒಂದರ ಹೊಲಿಗೆ ಎಷ್ಟು ಸಣ್ಣದು ಅಂದ್ರೆ ಹದ್ದಿನ ಕಣ್ಣಿಗೂ ಹುಡುಕಿದ ಮೇಲೇ ಸಿಕ್ಕಿದ್ದು.

ಜೂನ್ ೨೪, ಸೋಮವಾರ

ಕಣ್ಣಾಸ್ಪತ್ರೆ. ಸಿಟ್ಟಲ್ಲೇ ಹೋದೆ, ಇವಳ ಬಾಯಿ ಮುಚ್ಚಿಸೋಕೆ.

ಒಂದು ಡಬ್ಬಿಯೊಳಗೆ ಮುಖ ಇಡಿಸಿದ್ರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಲಿರೋ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ. ಆಮೇಲೆ ಸುಮಾರು ಹೊತ್ತು ಚುಕ್ಕಿನೇ ಇಲ್ಲ. ಮಷೀನಿಗೆ ತೂಕಡಿಕೆ ಬಂದಿರಬೇಕು.

“ಏನಮ್ಮಾ, ನಿಮ್ಮ ಮಷೀನು ಕೆಟ್ಟಿದೆ” ಅಂದೆ.

ಆ ನರ್ಸಮ್ಮ ಮೆಲ್ಲಗೆ ಹೇಳಿದ್ಳು, “ಇಲ್ಲ ಅಂಕಲ್. ಚುಕ್ಕಿ ಬರ್ತಾನೇ ಇದೆ.”

ಅದೊಂದೇ ಮಾತು. ಡಬ್ಬಿಯೊಳಗೆ ಮುಖ ಇಟ್ಕೊಂಡು ಹಾಗೇ ಇದ್ದೆ. ಬರ್ತಾನೇ ಇದೆಯಂತೆ. ಆ ಮಗುನೂ ಬರ್ತಾನೇ ಇತ್ತಂತೆ.

ಡಾಕ್ಟರಮ್ಮ ಕಾಗದದ ಮೇಲೆ ಎರಡು ಚಂದ್ರ ತೋರಿಸಿದ್ರು. ಎಡಗಣ್ಣಿನದು ಹೆಚ್ಚುಕಮ್ಮಿ ಗ್ರಹಣ, ನಡುವೆ ಮಾತ್ರ ಬೆಳಕು. ಬಲಗಣ್ಣಿಗೆ ಅಂಚಲ್ಲಿ ಶುರು. ಕಣ್ಣೊಳಗೆ ಒತ್ತಡವಂತೆ. ನೋವಿರಲ್ಲ, ಗೊತ್ತಾಗಲ್ಲ, ಎದುರಿಗಿರೋದು ಕೊನೇ ತನಕ ಚೆನ್ನಾಗೇ ಕಾಣುತ್ತಂತೆ. ಅದಕ್ಕೇ ಬೋರ್ಡು ಓದಿದ್ದು. ಸಿಟ್ಟಿಗೆ ಹೋಗೋಕೆ ಬೇರೆ ಜಾಗ ಇಲ್ದೆ ಕಣ್ಣಿಗೇ ಹೋಗಿ ಕೂತಿದೆ.

“ಹೋಗಿರೋದು ವಾಪಸ್ ಬರಲ್ಲ. ದಿನಾ ತಪ್ಪದೆ ಹನಿ ಹಾಕ್ಕೊಂಡ್ರೆ ಇರೋದನ್ನ ಉಳಿಸ್ಕೋಬಹುದು. ಸುತ್ತಿಗೆ ಹಿಡೀರಿ, ಏನೂ ತೊಂದ್ರೆ ಇಲ್ಲ. ಗಾಡಿ ಮಾತ್ರ ಇನ್ಮೇಲೆ ಬೇಡ.”

“ಅಂದ್ರೆ ಕಣ್ಣೂ ಲೀಸೇನಾ ಡಾಕ್ಟರಮ್ಮ? ಗೀರು ಬಿದ್ರೆ ಮಾತ್ರ ನಂದು?”

ಅವರು ನಗಲಿಲ್ಲ. ಎಡಗಡೆಯಿಂದ ಇವಳು ನಕ್ಕ ಸದ್ದು ಕೇಳಿಸ್ತು. ಪರವಾಗಿಲ್ಲ, ಒಬ್ಬಳಾದ್ರೂ ನಕ್ಕಳಲ್ಲ ಅಂತ ತಿರುಗಿದೆ. ಪೂರ್ತಿ ತಿರುಗಬೇಕಾಯ್ತು. ನಗು ಆಗಿರಲಿಲ್ಲ ಅದು.

ಜೂನ್ ೨೭, ಗುರುವಾರ

ಯಾರನ್ನ ಬೈಬೇಕು ಅಂತ ಗೊತ್ತಾಗ್ತಿಲ್ಲ. ಮೇಸ್ತ್ರಿಯನ್ನ ಬೈಯೋ ಹಾಗಿಲ್ಲ, ಟೀ ಅಂಗಡಿಯವನನ್ನ ಬೈಯೋ ಹಾಗಿಲ್ಲ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ಇಷ್ಟು ದಿನ ಎಷ್ಟು ನೆಲ ಬೈದೆ!

ಟೈ ಫೋನು ಮಾಡಿ, “ಸರ್, ಲೀಸ್ ಪೇಪರ್ ರೆಡಿ, ಮೇಡಂ ಸೈನ್ ಹಾಕೋಕೆ ಯಾವಾಗ ಬರ್ತಾರೆ?” ಅಂದ. ಸದ್ಯ, ಬೈಯೋಕೆ ಒಬ್ಬ ಸಿಕ್ಕಿದ.

“ಯಾವ ಲೀಸು ಮಾರಾಯ? ನನ್ನ ಹೆಂಡತಿ ಗಾಡಿ ವಾಪಸ್ ಯಾಕೆ ಕೊಡಬೇಕು? ವಾಪಸ್ ಕೊಡಬೇಕಾದೋನು ನಾನು. ಅವಳ ಕಣ್ಣು ನೆಟ್ಟಗಿದೆ, ಮೊಳೆ ಹೊಡೆಯೋ ಹಾಗಿರೋ ಗಾಡಿನೇ ತಗೋತಾಳೆ!” ಅಂತ ಕೂಗಿ ಇಟ್ಟೆ.

ಹೊಲಿಗೆ ಮಷೀನು ನಿಂತಿತ್ತು. ಈ ಸಲ ನನ್ನ ಬಾಯಲ್ಲಿ ಒಂದು ಮೊಳೆನೂ ಇರಲಿಲ್ಲ. ಇವಳು ನೋಡ್ತಾ ಇದ್ಳು.

“ಏನು ನೋಡ್ತೀಯ? ಲೀಸು ದಂಡ ಕಣೇ” ಅಂದೆ.

ಜೂನ್ ೩೦, ಭಾನುವಾರ

ಭಾವಮೈದನ ಶೆಡ್ಡಿಗೆ ಹೋದೆ. ಬೇಕರಿ ವ್ಯಾನು ಟಾರ್ಪಾಲು ಹೊದ್ಕೊಂಡು ಅಲ್ಲೇ ನಿಂತಿತ್ತು.

“ಬೇರೆಯವರಿಗೆ ಮಾತು ಕೊಟ್ಟಿದ್ದೀನಿ ಅಂದ್ಯಲ್ಲೋ?”

“ಅಕ್ಕನಿಗೆ ಕೊಟ್ಟಿದ್ದೆ ಭಾವ” ಅಂದ. “ನಿಮ್ಮ ಕೈಗೆ ಕೊಡಲ್ಲ ಅಂತ.”

ಕೆನ್ನೆಗೆ ಬಾರಿಸೋಣ ಅನ್ನಿಸ್ತು. ಬಾರಿಸೋಕೆ ಅವನು ಯಾವ ಕಡೆ ನಿಂತಿದ್ದಾನೆ ಅಂತ ಹುಡುಕಬೇಕಾಯ್ತು. ಅಷ್ಟರಲ್ಲಿ ಸಿಟ್ಟು ಕೈ ತಪ್ಪಿ ಹೋಯ್ತು. ಇವಳ ಹೆಸರಿಗೆ ಬರೆಸಿದ್ವಿ.

ಜುಲೈ ೮, ಸೋಮವಾರ

ಇವಳು ಗಿಡ್ಡಿ. ವ್ಯಾನಲ್ಲಿ ಕೂತ್ರೆ ಸ್ಟೇರಿಂಗ್ ಮೇಲೆ ಗಲ್ಲದಿಂದ ಮೇಲಿನ ಮುಖ ಬಿಟ್ರೆ ಏನೂ ಕಾಣಲ್ಲ. ಆ ಸೀಟು ಮಾಡಿದೋನು ಯಾವ ಒಂಟೆಗೆ ಮಾಡಿದ್ನೋ. ಬೆಳಗಿಂದ ಕೂತು ಬಿಚ್ಚಿದೆ. ಅಡಿಗೆ ಹಲಗೆ, ಅದರ ಮೇಲೆ ಗಟ್ಟಿ ಫೋಮು, ಅದರ ಮೇಲೆ ಮೆತ್ತಂದು, ಸೊಂಟಕ್ಕೆ ಒಂದು ದಿಂಡು. ಹೆಡ್‌ಮಿಸ್ಟ್ರೆಸ್ ಅಮ್ಮನ ಟೀ ಕಲೆ ಬಟ್ಟೇಲಿ ಕಲೆ ಇಲ್ದಿರೋ ಕಡೆ ಕತ್ತರಿಸಿ ಹೊದಿಸಿದೆ. ಸಿಟ್ಟಲ್ಲೇ ಹೊಡೆದೆ, ಒಂದೊಂದು ಮೊಳೆಗೂ ಒಂದೊಂದು ಬೈಗಳ. ಹೇಳದೆ ಕೇಳದೆ ಗುಂಡಿ ಅಂಗಡಿಗೆ ಹೋಗ್ತಾಳಂತೆ. ಟಕ್. ಅಕ್ಕ ತಮ್ಮ ಸೇರಿ ಆಟ ಆಡಿಸ್ತಾರಂತೆ. ಟಕ್. ಹರಿದ ತೋಳು ಹೊಲಿದು ವರ್ಷ ಪೂರ್ತಿ ಬಾಯಿ ಮುಚ್ಕೊಂಡಿರ್ತಾಳಂತೆ.

ಕೊನೇ ಬೈಗಳಕ್ಕೆ ಮೊಳೆ ಸಾಲಲಿಲ್ಲ.

ಕೂತು ನೋಡಿದ್ಳು. “ಸ್ವಲ್ಪ ಎತ್ತರ ಆಯ್ತೇನೋ” ಅಂದ್ಳು. ಎತ್ತರ ಆಗಿಲ್ಲ. ಸರಿಯಾಗಿದೆ. ನನ್ನ ಕೆಲಸದಲ್ಲಿ ತಪ್ಪು ಹುಡುಕೋದೇ ಇವಳ ಕಸುಬು.

ಜುಲೈ ೨೨, ಸೋಮವಾರ

ಲೈಸೆನ್ಸ್ ಬಂತು, ಬಟ್ಟೆನೂ ಬಂದಿತ್ತು, ಸೋಫಾ ಮುಗಿದಿತ್ತು. ಇವತ್ತು ಹೆಡ್‌ಮಿಸ್ಟ್ರೆಸ್ ಅಮ್ಮನ ಮನೆಗೆ ತಲುಪಿಸೋಕೆ ಹೊರಟ್ವಿ. ಇವಳು ಸ್ಟೇರಿಂಗ್ ಮುಂದೆ, ಸಿಂಹಾಸನದ ಮೇಲೆ. ನಾನು ಈ ಕಡೆ, ಅವಳು ಕೂಗ್ತಿದ್ದ ಸೀಟಲ್ಲಿ.

ಓಡಿಸ್ತಾಳೆ ಏನೋ, ಆದ್ರೆ ಆ ಗೇರ್ ಹಾಕೋದು ನೋಡಿದ್ರೆ ರಾಗಿ ಬೀಸೋ ಹಾಗೆ. ಸುಮ್ಮನಿರೋಣ ಅಂತಲೇ ಕೂತಿದ್ದೆ. ಆಗಲಿಲ್ಲ. “ಕ್ಲಚ್ಚು. ಕ್ಲಚ್ಚು ಕಣೇ. ಲಾರಿ ಬರ್ತಿದೆ. ಹಾರ್ನು ಹೊಡಿ. ನಾಯಿ, ನಾಯಿ, ನಾಯಿ.”

“ಅದು ಚೀಲ ರೀ.”

“ಚೀಲಾನೇ ಇರಲಿ, ಅದರೊಳಗೆ ನಾಯಿ ಇದ್ರೆ?”

ರಸ್ತೆ ಪಕ್ಕಕ್ಕೆ ತಗೊಂಡು ನಿಲ್ಲಿಸಿದ್ಳು. ಹ್ಯಾಂಡ್ ಬ್ರೇಕು ಎಳೆದು, ಹಿಂದಕ್ಕೆ ಕೈ ಹಾಕಿ ಮೊಳೆ ಡಬ್ಬಿ ತೆಗೆದು ನನ್ನ ಮುಂದೆ, ಸರಿಯಾಗಿ ಎದುರಿಗೆ, ಹಿಡಿದ್ಳು. ಹಿಂದಿದ್ದ ಆಟೋದವನು ಹಾರ್ನು ಬಡೀತಿದ್ದಾನೆ, ಇವಳು ಡಬ್ಬಿ ಹಿಡ್ಕೊಂಡೇ ಇದ್ದಾಳೆ.

ಎಷ್ಟು ಸಿಟ್ಟು ಬಂತು ಅಂದ್ರೆ, ನಾನೇ ಕೈ ಹಾಕಿ ಒಂದು ಹಿಡಿ ಬಾಯಿಗೆ ಹಾಕ್ಕೊಂಡೆ.

ಆಮೇಲೆ ದಾರಿಯುದ್ದಕ್ಕೂ ಬನ್ನಿನ ವಾಸನೆ, ಹಿಂದೆ ಸೋಫಾ ಕಿರ್ ಕಿರ್. ಹೆಡ್‌ಮಿಸ್ಟ್ರೆಸ್ ಅಮ್ಮನ ಬೀದಿ ಬಂತು. ಗೇಟು ತೆಗೆದಿತ್ತು. ಇವಳು ಉಸಿರು ಬಿಗಿ ಹಿಡಿದು ಮೆಲ್ಲಗೆ ತಿರುಗಿಸಿದ್ಳು. ಕಂಬ ಎಡಗಡೆಗೇ ಇದೆ, ನನ್ನ ಕಿಟಕಿ ಪಕ್ಕಕ್ಕೇ ಬರಬೇಕು. ಕಾದೆ. ಅಂಗಳ ಕಾಣಿಸ್ತು, ಹಸಿರು ಬಣ್ಣದ ಬಾಗಿಲು ಕಾಣಿಸ್ತು, ಬಾಗಿಲಲ್ಲಿ ಕನ್ನಡಕ ಏರಿಸ್ಕೊಂಡು ನಿಂತ ಅಮ್ಮ ಕಾಣಿಸಿದ್ರು. ಕಂಬ ಮಾತ್ರ ಬರಲೇ ಇಲ್ಲ.

“ದಾಟ್ತು ರೀ” ಅಂದ್ಳು.

ಬಾಯ್ತುಂಬ ಮೊಳೆ ಇತ್ತಲ್ಲ, ಅದಕ್ಕೇ ನಾನು ಏನೂ ಹೇಳಲಿಲ್ಲ.